ಹಾಡಿಗೆ ತಪ್ಪುಕಾಣಿಕೆ ಇಡದವರು

ಕಳೆದ ವಾರ ಬ್ರಹ್ಮಾವರದ ಬಸ್ ನಿಲ್ದಾಣದ ಹಿಂದಿರುವ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿದ್ದೆ. ನನ್ನ ಹೆಡ್‌ಫೋನಿನ ಒಂದು ಕಿವಿ ಸತ್ತುಹೋಗಿತ್ತು. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, ‘ಹೊಸ್ತ್ ತಕಣಿ ಅಕ್ಕ, ಇದನ್ ಈಗ ಯಾರ್ ರಿಪೇರಿ ಮಾಡ್ಸ್ತ್ರ್?’ ಎಂದ. ನಾನು ಮಾಡಿಸುತ್ತೇನೆ ಎಂದು ಕುರ್ಚಿ ಎಳೆದುಕೊಂಡು ಕುಳಿತೆ. ಅವನು ಗೊಣಗುತ್ತಲೇ ಸೋಲ್ಡರಿಂಗ್ ಕಡ್ಡಿ ಕಾಯಿಸಿ, ತುದಿಯನ್ನು ರಾಳದ ಡಬ್ಬಿಗೆ ಅದ್ದಿದ. ಒಂದೆಳೆ ಬಿಳಿ ಹೊಗೆ ಎದ್ದು ಮೂಗಿಗೆ ಬಡಿಯಿತು. ಸುಟ್ಟ ರಾಳ, ಕಾದ ಸೀಸ... ಎಷ್ಟು ವರ್ಷವಾಗಿತ್ತು ಆ ವಾಸನೆ ಕುಡಿದು. ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದು ಅವನು ಫ್ಯಾನು ನನ್ನ ಕಡೆ ತಿರುಗಿಸಿದ.

ಕೋಟೇಶ್ವರದಲ್ಲಿ ನಮ್ಮ ಮನೆಯ ಬೇಲಿ ಮುಗಿದಲ್ಲಿ, ಸದಾ ಇದೇ ವಾಸನೆ ಏಳುತ್ತಿದ್ದ ಅವರ ಜಗಲಿ ಶುರುವಾಗುತ್ತಿತ್ತು. ಊರಿಗೆ ಅವರು ಮೈಕಿನವ, ನನಗೆ ಮೈಕಣ್ಣ. ಮದುವೆ, ಮುಂಜಿ, ಮನೆ ಒಕ್ಕಲು, ಸತ್ಯನಾರಾಯಣ ಪೂಜೆ, ಎಲ್ಲದಕ್ಕೂ ಅವರದೇ ಮೈಕ್ ಸೆಟ್. ನಮ್ಮ ಕಡೆ ಮನೆಯಲ್ಲಿ ಒಂದು ಕಾರ್ಯ ಇದೆ ಎಂದರೆ, ಬೆಳಗಾಗುತ್ತಲೇ ಅಂಗಳದ ತೆಂಗಿನ ಮರಕ್ಕೆ ಹಾರನ್ ಕಟ್ಟಿ ಗಣಪತಿಯ ಹಾಡು ಹಾಕಬೇಕು. ಆ ಹಾಡು ಕೇಳಿಯೇ ಊರಿನವರು, ಇವತ್ತು ಇಂಥವರ ಮನೆಯಲ್ಲಿ ಊಟ ಎಂದು ತಿಳಿದುಕೊಳ್ಳುತ್ತಿದ್ದರು. ಹಾಡು ಹಾಕುವ ಮೊದಲೇ ಕಾರ್ಯ ಶುರುವಾದರೆ ಮನೆಯ ಹೆಂಗಸರಿಗೆ ದಿನವಿಡೀ ಕಸಿವಿಸಿ. ಹೀಗಾಗಿ ನಮ್ಮೂರಿನ ಶುಭಕಾರ್ಯಗಳೆಲ್ಲ ಶುರುವಾಗುತ್ತಿದ್ದದ್ದು ಮೈಕಣ್ಣನ ಹೆಬ್ಬೆರಳಿನಿಂದ.

ತೊಂಬತ್ತೆಂಟರಲ್ಲಿ ನಾನು ಕುಂದಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಮನೆಯಲ್ಲಿ ಸ್ವರಕ್ಕೆ ಕಟ್ಟುಪಾಡು ಬಹಳ. ಜೋರಾಗಿ ನಕ್ಕರೆ ಅಮ್ಮ ಕಣ್ಣು ಬಿಡುತ್ತಿದ್ದಳು. ಅಪ್ಪನಿಗೆ ಎದುರು ಮಾತಾಡಿದರಂತೂ ಮುಗಿಯಿತು, ಅಜ್ಜಿ ದೇವರ ಕೋಣೆಯಿಂದಲೇ, ‘ಹೆಣ್ಣಿನ್ ಸ್ವರ ರಸ್ತಿಗೆ ಕೇಣುಕಾಗ’ ಎಂದು ಕೂಗುತ್ತಿದ್ದಳು. ಕೇಳಬಾರದೆನ್ನುವ ಅವಳ ಸ್ವರವೇ ಹೆದ್ದಾರಿಗೆ ಕೇಳುತ್ತಿತ್ತು, ಆ ಮಾತು ಬೇರೆ. ಅಂಥದೇ ಒಂದು ಮಧ್ಯಾಹ್ನ, ಬೈಸಿಕೊಂಡು ಬಾವಿಕಟ್ಟೆಯ ಹತ್ತಿರ ಉರಿಯುತ್ತಾ ನಿಂತಿದ್ದಾಗ, ಬೇಲಿಯಾಚೆಯಿಂದ ಅದು ಕೇಳಿಸಿತು. ಮೈಕಣ್ಣ ಆಗಷ್ಟೇ ರಿಪೇರಿ ಮುಗಿಸಿದ ಸ್ಪೀಕರ್ ಪೆಟ್ಟಿಗೆಯನ್ನು ಪರೀಕ್ಷಿಸುತ್ತಿದ್ದರು. ಗಿಟಾರು ಎಂದರೆ ಸಿನಿಮಾದ ನಾಯಕ ಮರದ ಕೆಳಗೆ ಕುಳಿತು ಮೀಟುವುದು ಎಂದುಕೊಂಡಿದ್ದವಳು ನಾನು. ಇಲ್ಲಿ ಗಿಟಾರು ಗರಗಸದ ಹಾಗೆ ಕೊಯ್ಯುತ್ತಿತ್ತು, ಡ್ರಮ್ಮು ಎದ್ದುಬಿದ್ದು ಓಡುತ್ತಿತ್ತು, ಒಬ್ಬ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಏನು ಕೂಗುತ್ತಿದ್ದಾನೆಂದು ಒಂದಕ್ಷರ ತಿಳಿಯಲಿಲ್ಲ. ಯಾಕೆ ಕೂಗುತ್ತಿದ್ದಾನೆಂದು ಮಾತ್ರ ಚೆನ್ನಾಗಿ ತಿಳಿಯಿತು.

ಬೇಲಿಯ ಹತ್ತಿರ ಹೋಗಿ, ‘ಅಣ್ಣ, ಇದ್ ಎಂತ?’ ಎಂದೆ.

‘ಥ್ರ್ಯಾಶ್ ಅಂಬ್ರ್, ರಾಕ್ ಮ್ಯೂಸಿಕಿನಗೆ ಒಂದ್ ನಮೂನಿ,’ ಎಂದರು. ಆಮೇಲೆ ನನ್ನ ಮುಖ ನೋಡಿ, ‘ನಿಲ್ಲಿಸ್ಕಾ?’ ಎಂದು ಕೇಳಿದರು.

ಬೇಡ ಬೇಡ ಎಂದೆ. ಅವರು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದರು. ನಾನು ಬೇಲಿಯ ಈಚೆ, ಅವರು ಜಗಲಿಯ ಮೇಲೆ. ಅತ್ತಿಗೆ, ಅಂದರೆ ಅವರ ಹೆಂಡತಿ, ಸೆರಗಿನಿಂದ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು.

ಇದನ್ನು ಓದಿ ಮೂಗು ಮುರಿಯುವವರು ಮುರಿಯಲಿ. ಥ್ರ್ಯಾಶ್ ಕೇಳುತ್ತೇನೆ ಎಂದಾಗ ಒಳ್ಳೆಯ ಮನಸ್ಸಿನವರು ಕೆಲವರು, ‘ನಮ್ಮ ಯಕ್ಷಗಾನದ ಚಂಡೆಯ ಹಾಗೆಯೇ ಅಲ್ಲವೇ’ ಎಂದು ನನ್ನನ್ನು ಕಾಪಾಡಲು ಬರುತ್ತಾರೆ. ಚಂಡೆ ನನಗೆ ಇಷ್ಟ. ಆದರೆ ಈ ಸಂಗೀತಕ್ಕೆ ಚಂಡೆಯ ಸರ್ಟಿಫಿಕೇಟು ಬೇಕಿಲ್ಲ. ಇದು ಗಲಾಟೆಯೇ. ಗಲಾಟೆ ಮಾಡಬೇಕಾದಲ್ಲಿ ಮಾಡಿದ ಗಲಾಟೆ. ಬಾಯಿ ಮುಚ್ಚಿಸಿಕೊಂಡು ಬೆಳೆದವರಿಗೆ ಅದರ ರುಚಿ ಬೇಗ ಸಿಗುತ್ತದೆ.

ಮೈಕಣ್ಣನಿಗೆ ಆ ರುಚಿ ಸಿಕ್ಕಿದ್ದು ಮುಂಬಯಿಯಲ್ಲಿ. ಮೀಸೆ ಚಿಗುರುವ ಮೊದಲೇ ಅಲ್ಲಿಗೆ ಹೋಗಿ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಸಪ್ಲೈಯರ್ ಆಗಿದ್ದರು. ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಆ ಕಾಲೇಜಿನ ನಾಲ್ವರು ಹುಡುಗರು ಬಾರಿಸುತ್ತಿದ್ದರಂತೆ. ಚಹಾ ಕೊಡಲು ಹೋದವರು ಖಾಲಿ ಲೋಟ ಸಿಗುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರಂತೆ. ಆ ನಾಲ್ವರು ಸೇರಿ ಒಂದೇ ಒಂದು ಕ್ಯಾಸೆಟ್ ಮಾಡಿದರು. ಕವರು ಜೆರಾಕ್ಸಿನದು, ಕತ್ತರಿಸಿದ್ದೂ ಓರೆ. ಕೈಯಲ್ಲಿ ಹಿಡಿದುಕೊಂಡು ಊರೆಲ್ಲ ತಿರುಗಿದರೂ ಕೇಳುವವರು ಸಿಗಲಿಲ್ಲ. ಒಬ್ಬ ಗಲ್ಫಿಗೆ ಹೋದ, ಇನ್ನೊಬ್ಬ ಅಪ್ಪನ ಅಂಗಡಿಯಲ್ಲಿ ಕುಳಿತ, ಉಳಿದವರು ಏನಾದರೋ... ಬ್ಯಾಂಡು ಅಲ್ಲಿಗೆ ಮುಗಿಯಿತು. ಅವರ ಒಂದು ಕ್ಯಾಸೆಟ್ಟು ಮಾತ್ರ ಮೈಕಣ್ಣನ ಟ್ರಂಕಿನಲ್ಲಿ ಕೋಟೇಶ್ವರಕ್ಕೆ ಬಂತು.

ಥ್ರ್ಯಾಶ್ ಎಂದ ಕೂಡಲೇ ಎಲ್ಲರೂ ಹೇಳುವ ನಾಲ್ಕೈದು ದೊಡ್ಡ ಹೆಸರುಗಳಿವೆ. ಕಾಲೇಜಿನ ಗೆಳತಿಯ ಅಣ್ಣನಿಂದ ಅಂಥ ಒಂದು ದೊಡ್ಡ ಬ್ಯಾಂಡಿನ ಒರಿಜಿನಲ್ ಕ್ಯಾಸೆಟ್ಟು ಸಂಪಾದಿಸಿ, ಏನೋ ಗೆದ್ದುಬಂದವಳ ಹಾಗೆ ಅವರಿಗೆ ಕೊಟ್ಟೆ. ಪೂರ್ತಿ ಕೇಳಿ ಮರುದಿನ ವಾಪಸು ಕೊಟ್ಟರು.

‘ಲಾಯ್ಕಿತ್ತ್. ಆರೆ ಇವ್ರಿಗೆ ಕೇಂಬೋರ್ ಇದ್ರಲೆ? ನಮ್ ಮುಂಬಯಿ ನಾಲ್ಕ್ ಜನಕ್ಕೆ ಯಾರ್ ಇದ್ರ್ ಹೇಳ್? ನಾವೂ ಕೇಣ್ದೆ ಇದ್ರೆ ಅವ್ರ್ ಬಾರ್ಸದ್ದೇ ಸುಳ್ಳ್ ಆತ್ತ್.’

ಅವರ ಪ್ರೀತಿಯೆಲ್ಲ ಹಾಗೆ ಯಾರೂ ತಿರುಗಿ ನೋಡದವರ ಮೇಲೆ. ಮುಂಬಯಿಯ ಹೋಟೆಲಿನಲ್ಲಿದ್ದ ಹಳೆಯ ಜೊತೆಗಾರನೊಬ್ಬ ರಾತ್ರಿ ಬಸ್ಸಿನ ಕ್ಲೀನರ್ ಕೈಯಲ್ಲಿ ಕ್ಯಾಸೆಟ್ಟುಗಳನ್ನು ಕಳಿಸುತ್ತಿದ್ದ. ಬ್ರೆಜಿಲ್ ದೇಶದವರು, ಪೋಲೆಂಡಿನವರು, ಜರ್ಮನಿಯ ಯಾವುದೋ ಗಣಿ ಊರಿನವರು. ಕಾಪಿಯ ಕಾಪಿಯ ಕಾಪಿ. ಹಾಡಿಗಿಂತ ಮೊದಲು ಗಾಳಿಯ ಶಬ್ದವೇ ಕೇಳುತ್ತಿತ್ತು. ಕೇಳುವವರು ನಾವು ಮೂವರು: ಮೈಕಣ್ಣ, ನಾನು, ಬೈಂದೂರಿನ ಒಬ್ಬ ದರ್ಜಿ. ಆ ದರ್ಜಿಗೆ ಥ್ರ್ಯಾಶ್ ಇಲ್ಲದಿದ್ದರೆ ಮಿಷನ್ ತುಳಿಯಲು ಕಾಲೇ ಬರುತ್ತಿರಲಿಲ್ಲವಂತೆ. ಕುಂದಾಪುರದಿಂದ ಬೈಂದೂರಿನವರೆಗೆ ಹುಡುಕಿದರೂ ನಾಲ್ಕನೆಯವರು ಸಿಗಲಿಲ್ಲ. ನಮಗೆ ಅದರ ಬೇಸರವೂ ಇರಲಿಲ್ಲ, ಸ್ವಲ್ಪ ಜಂಬವೇ ಇತ್ತು.

ಖಾಲಿ ಕ್ಯಾಸೆಟ್ಟು ಸಿಗದಾಗ ಮೈಕಣ್ಣ ಒಂದು ಉಪಾಯ ಮಾಡುತ್ತಿದ್ದರು. ಕಾರ್ಯದ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಭಕ್ತಿಗೀತೆಯ ಕ್ಯಾಸೆಟ್ ತಂದುಕೊಟ್ಟು, ‘ಇದನ್ನೂ ಹಾಕಿ’ ಎಂದು ಅಲ್ಲೇ ಬಿಟ್ಟುಹೋಗುತ್ತಿದ್ದರು. ಒಂದೇ ಗಣಪತಿ ಹಾಡಿನ ಕ್ಯಾಸೆಟ್ಟು ಅವರಲ್ಲಿ ರಾಶಿ ಬಿದ್ದಿತ್ತು. ಅದರ ಬೆನ್ನಿನ ತೂತಿಗೆ ಟೇಪು ಅಂಟಿಸಿದರೆ ಮೇಲೆ ಮತ್ತೆ ರೆಕಾರ್ಡ್ ಮಾಡಬಹುದು. ಹೀಗೆ ಹೊರಗೆ ಗಣಪತಿಯ ಚಿತ್ರ, ಒಳಗೆ ಥ್ರ್ಯಾಶ್. ಮುಂಬಯಿ ಹುಡುಗರ ಒರಿಜಿನಲ್ ಸವೆದುಹೋಗುತ್ತದೆಂಬ ಹೆದರಿಕೆಗೆ ಅದನ್ನೂ ಹಾಗೇ ಒಂದರ ಮೇಲೆ ಇಳಿಸಿಟ್ಟಿದ್ದರು. ಇಂಥವನ್ನು ಬೇರೆ ಬಿಸ್ಕತ್ ಡಬ್ಬಿಯಲ್ಲಿ ಇಡುತ್ತಿದ್ದರು. ಡಬ್ಬಿ ಬೇರೆಯಾದರೂ ಕೈ ಒಂದೇ ತಾನೆ?

ಪುಣೆಯಲ್ಲಿ ಹೋಟೆಲು ನಡೆಸಿ ಗೆದ್ದ ಧಣಿಯೊಬ್ಬರು ಗುಲ್ವಾಡಿಯ ಹೊಳೆಬದಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಅಮ್ಮನ ಕಡೆಯಿಂದ ನಮಗೆ ದೂರದ ನೆಂಟರು. ಅದರ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ಮೈಕ್ ಸೆಟ್ ಹೊತ್ತ ಟೆಂಪೋದಲ್ಲೇ ಅಮ್ಮ, ನಾನು, ಅತ್ತಿಗೆ ಮೂವರೂ ಬೆಳಿಗ್ಗೆ ಹೋದೆವು. ಮೈಕಣ್ಣ ಅಂಗಳದ ಮರಕ್ಕೆ ಹಾರನ್ ಕಟ್ಟಿದರು. ಕ್ಯಾಸೆಟ್ ಹಾಕಿದರು. ಗುಂಡಿ ಒತ್ತಿ, ಹೊಳೆಬದಿಯ ಮರದಲ್ಲಿದ್ದ ಇನ್ನೊಂದು ಹಾರನ್ನಿಗೆ ತಂತಿ ಎಳೆಯಲು ಹೋದರು.

ಆ ಮುಂಬಯಿ ಹುಡುಗರ ಮೊದಲ ಹಾಡು ಮೆಲ್ಲಗೆ, ಒಂಟಿ ತಂತಿಯ ಸ್ವರದಿಂದ ಶುರುವಾಗುತ್ತದೆ. ಒಳಗೆ ರಂಗೋಲಿ ಪುಡಿಯಲ್ಲಿ ಮಂಡಲ ಬರೆಯುತ್ತಿದ್ದ ಭಟ್ಟರು, ‘ಹೊಸ ಕ್ಯಾಸೆಟ್ ಕಾಣ್ತ್, ಲಾಯ್ಕಿತ್ತ್’ ಎಂದು ತಲೆಯಾಡಿಸಿದರು. ನಾನು ಹೂವಿನ ಹರಿವಾಣವನ್ನು ನೆಲಕ್ಕಿಟ್ಟು ಹೊರಗೆ ನೋಡಿದೆ. ಮುಂದೇನಿದೆ ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆಮೇಲೆ ಅದು ಬಂತು.

ಹೊಳೆಯಾಚೆಯ ಗದ್ದೆಯಿಂದ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದರು. ಧಣಿಯ ಅತ್ತೆ ತುಳಸಿಕಟ್ಟೆ ಹಿಡಿದು ಕುಳಿತುಬಿಟ್ಟರು. ‘ಹ್ವಾಯ್ ಮೈಕಿನವ್ರೇ! ಹ್ವಾಯ್!’ ಎಂದು ನಾಲ್ಕು ಕಡೆಯಿಂದ ಕೂಗು. ಆ ಕೂಗೂ ಹಾಡಿನಲ್ಲಿ ಸೇರಿಹೋಯಿತು. ಮೈಕಣ್ಣ ಹೊಳೆಬದಿಯಿಂದ ಓಡಿಬಂದರು. ಓಡಿ ಬಂದವರು ಅಂಗಳದ ನಡುವೆ ನಿಂತರು. ಮುಖ ಮೇಲೆ ಮಾಡಿ ಹಾರನ್ ನೋಡುತ್ತಾ ನಿಂತರು. ಆ ನಾಲ್ವರು ಹುಡುಗರ ಹಾಡು ಬಯಲಿನಲ್ಲಿ, ಹೊಳೆಯ ಮೇಲೆ, ಇಡೀ ಊರಿಗೆ ಕೇಳಿದ್ದು ಅದೇ ಮೊದಲು. ಎಷ್ಟು ಹೊತ್ತು ನಿಂತರೋ... ನನಗಂತೂ ಬಹಳ ಹೊತ್ತೆನಿಸಿತು. ಆಮೇಲೆ ಹೋಗಿ ಕ್ಯಾಸೆಟ್ ತೆಗೆದು ಗಣಪತಿಯನ್ನು ಹಾಕಿದರು.

ಊಟ ಮುಗಿದ ಮೇಲೆ ಧಣಿ ಅವರನ್ನು ಜಗಲಿಗೆ ಕರೆಸಿದರು. ಧಣಿಯದೇ ಪೂರಾ ತಪ್ಪೆಂದು ನಾನು ಹೇಳಲಾರೆ. ಆಸೆಪಟ್ಟು ಕಟ್ಟಿಸಿದ ಮನೆ, ಊರಿನವರೆಲ್ಲ ಸೇರಿದ್ದಾರೆ, ಹೆಂಗಸರು ಆಗಲೇ ಅಪಶಕುನ ಎಂದು ಪಿಸುಗುಡುತ್ತಿದ್ದರು.

‘ಎಂತದಾ ಅದ್? ದೆವ್ವ ಕರೂ ಹಾಡಾ?’

‘ತಪ್ಪಿ ಬಿದ್ದ್ ಹೋಯ್ತ್ ಧಣಿ. ಕ್ಯಾಸೆಟ್ ಅದಲ್ ಬದಲ್ ಆಯ್ತ್.’

‘ತಪ್ಪಿ ಬಿದ್ದದ್ದಾರೆ ಓಡ್ ಬಂದ್ ನಿಲ್ಸ್ಕಿತ್ತ್. ನೀನ್ ಅಂಗಳದ ನಡುಗೆ ನಿಂತ್ಕಂಡ್ ಕೇಂತಾ ಇದ್ದಿಯಲ? ನಾನ್ ಕಂಡಿದೆ.’

ಇಲ್ಲ ಎಂದಿದ್ದರೆ ಆಗುತ್ತಿತ್ತು. ಗಾಬರಿಯಾಗಿ ಕಾಲು ಬರಲಿಲ್ಲ ಎಂದಿದ್ದರೂ ನಂಬುತ್ತಿದ್ದರು.

‘ಹೌದ್. ನಿಂತೆ,’ ಎಂದರು ಮೈಕಣ್ಣ.

ನಮ್ಮ ಕಡೆ ಇಂಥದಕ್ಕೆಲ್ಲ ಒಂದು ದಾರಿ ಇದೆ, ತಪ್ಪುಕಾಣಿಕೆ. ದೇವರೆದುರು ಒಂದು ತೆಂಗಿನಕಾಯಿ, ಅದರ ಜೊತೆ ಒಂದು ನಾಣ್ಯ ಇಟ್ಟು, ತಪ್ಪಾಯಿತು ಎಂದು ಕೈಮುಗಿದರೆ ಊರು ಅದನ್ನು ಅಲ್ಲಿಗೆ ಬಿಡುತ್ತದೆ. ಮೈಕಣ್ಣ ಆಗಲೇ ಕಾಯಿ ತರಿಸಿಟ್ಟಿದ್ದರು. ಆದರೆ ಧಣಿಗೆ ಅಷ್ಟು ಸಾಕಾಗಲಿಲ್ಲ.

‘ಆ ಹಾಡ್ ಕೆಟ್ಟದ್ದ್, ಇನ್ ಮುಟ್ಟುದಿಲ್ಲೆ ಅಂದ್ ದೇವ್ರೆದ್ರ್ ಹೇಳ್ಕ್. ಮನಿಯಗೆ ಇಪ್ಪ ಅಂಥ ಕ್ಯಾಸೆಟ್ ಎಲ್ಲ ತಂದ್ ಈ ಹೊಳಿಗೆ ಬಿಡ್ಕ್. ಇಲ್ದಿರೆ ಈ ಕಡಿಯಂಗೆ ನಿನ್ನ ಯಾರೂ ಕರೂದಿಲ್ಲೆ, ನೆನ್ಪಿರ್ಲಿ.’

ಅದು ಬರೀ ಬೆದರಿಕೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅರ್ಧ ತಾಲೂಕಿನ ದೊಡ್ಡ ಮನೆಗಳೆಲ್ಲ ಧಣಿಯ ನೆಂಟರೇ. ಅತ್ತಿಗೆ ಹಿಂದಿನಿಂದ ಗಂಡನ ಅಂಗಿ ಎಳೆದು, ‘ಹೇಳಿ ಮುಗ್ಸಿ ಮರಾಯ್ರೆ. ಬಾಯ್ ಮಾತಲ್ದಾ’ ಎಂದರು. ನನ್ನ ಅಮ್ಮನೂ ಹಾಗೇ ಸನ್ನೆ ಮಾಡಿದಳು.

ಮೈಕಣ್ಣ ದೇವರ ಮುಂದೆ ಹೋಗಿ ಕಾಯಿ ಇಟ್ಟರು, ನಾಣ್ಯ ಇಟ್ಟರು, ಕೈಮುಗಿದರು. ತಿರುಗಿ ಧಣಿಗೆ ಹೇಳಿದರು:

‘ಕ್ಯಾಸೆಟ್ ತಪ್ಪಿ ಹಾಕದ್ದ್ ನನ್ ತಪ್ಪ್. ಅದಕ್ಕೆ ಕಾಣ್ಕಿ ಇಟ್ಟೆ. ಹಾಡ್ ಎಂತ ತಪ್ಪ್ ಮಾಡ್ಲಿಲ್ಲೆ. ಅದಕ್ಕೆ ಇಡುದಿಲ್ಲೆ.’

ಸ್ವರ ಏರಿಸಲಿಲ್ಲ. ಹೊರಗೆ ಬಂದು, ತಾವೇ ಮರ ಹತ್ತಿ, ಹಾರನ್ ಬಿಚ್ಚಿ ಇಳಿಸಿದರು. ಟೆಂಪೋದಲ್ಲಿ ವಾಪಸು ಬರುವಾಗ ಅತ್ತಿಗೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಧಣಿ ಹೇಳಿದ ಹಾಗೇ ಆಯಿತು. ಮೊದಲು ಗುಲ್ವಾಡಿ ಕಡೆಯ ಕರೆ ನಿಂತಿತು, ಆಮೇಲೆ ಕೋಟೇಶ್ವರದ ದೊಡ್ಡ ಮನೆಗಳದು, ಆಮೇಲೆ ನಮ್ಮದೇ ಬೀದಿಯದು. ನನ್ನ ಅಕ್ಕನ ಮದುವೆಗೆ ಕೂಡ ಅಪ್ಪ ಕುಂದಾಪುರದಿಂದ ಬೇರೆ ಸೆಟ್ ತರಿಸಿದರು. ಬೇಲಿಯಾಚೆಯೇ ಇದ್ದ ಮನುಷ್ಯನಿಗೆ ಊಟದ ಹೇಳಿಕೆ ಮಾತ್ರ ಕೊಟ್ಟರು. ಅವತ್ತು ನಾನು ಅಪ್ಪನೆದುರು ಕೂಗಿದ್ದು ಹೆದ್ದಾರಿಗೆ ಕೇಳಿರಬೇಕು. ಮೈಕಣ್ಣ ಮಾತ್ರ ಬಂದು, ಉಂಡು, ವಧೂವರರಿಗೆ ಅಕ್ಷತೆ ಹಾಕಿ, ‘ಸೌಂಡ್ ಲಾಯ್ಕ್ ಬತ್ತಿತ್ತ್’ ಎಂದು ಹೇಳಿ ಹೋದರು. ಅತ್ತಿಗೆ ಗೇರುಬೀಜದ ಕಾರ್ಖಾನೆಗೆ ಹೋಗಲು ಶುರುಮಾಡಿದರು. ಬೀಜದ ಸಿಪ್ಪೆಯ ಎಣ್ಣೆಗೆ ಅವರ ಬೆರಳುಗಳು ಕಪ್ಪಾದವು.

ಹಾಡು ನಿಂತಿತು ಎಂದುಕೊಂಡಿರಾ? ಪ್ರತಿ ಮಧ್ಯಾಹ್ನ ಜಗಲಿಯಿಂದ ಕೇಳುತ್ತಲೇ ಇತ್ತು. ಊರಿಗೆ ಕೇಳಲಿ ಎಂದೇ ಪೆಟ್ಟಿಗೆಯ ಮುಖವನ್ನು ರಸ್ತೆಗೆ ತಿರುಗಿಸಿದ್ದರೋ ಏನೋ, ಕೇಳಿದರೆ ಗಾಳಿಯ ದಿಕ್ಕು ಎನ್ನುತ್ತಿದ್ದರು.

ಕೊನೆಗೆ ಕರೆ ಬಂದದ್ದು ತ್ರಾಸಿಯಿಂದ. ಅಲ್ಲಿನ ಮೀನುಗಾರರ ಹುಡುಗರು ಕಡಲತೀರದಲ್ಲಿ ಕ್ರಿಕೆಟ್ ಪಂದ್ಯಾಟ ಇಟ್ಟಿದ್ದರು. ಆಟಗಾರರ ಅಂಗಿ ಹೊಲಿದದ್ದು ನಮ್ಮ ಬೈಂದೂರಿನ ದರ್ಜಿ. ಅಳತೆ ತೆಗೆದುಕೊಳ್ಳುವಾಗ ಗುಲ್ವಾಡಿಯ ಕತೆಯನ್ನೆಲ್ಲ ಅವನೇ ಹೇಳಿದ್ದನಂತೆ. ಆ ಹುಡುಗರು ಬಂದು, ‘ಅಣ್ಣ, ಆ ಹಾಡೇ ಹಾಕ್ಕ್’ ಎಂದರು. ಅವತ್ತು ನಾನು ಕಾಲೇಜು ತಪ್ಪಿಸಿ ಹೋದೆ. ಸುಡುವ ಮರಳು, ಒಂದು ಕಡೆ ಕಡಲು, ಇನ್ನೊಂದು ಕಡೆ ಹೆದ್ದಾರಿಯ ಲಾರಿಗಳು. ಮುಂಬಯಿ ಹುಡುಗರ ಕ್ಯಾಸೆಟ್ಟನ್ನು ಮೈಕಣ್ಣ ಎರಡೂ ಬದಿ ಪೂರ್ತಿ ಹಾಕಿದರು. ಜೆರಾಕ್ಸ್ ಕವರಿನ ಒರಿಜಿನಲ್ಲನ್ನೇ ತಂದಿದ್ದರು. ಚೆಂಡು ಹೊಡೆದವರೂ ಔಟಾದವರೂ ತಲೆ ಕೊಡವಿ ಕುಣಿದರು. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ಬಂದು ಸೊಂಟಕ್ಕೆ ಕೈಕೊಟ್ಟು ನಿಂತು, ‘ಎಂತ ಮರಾಯ್ರೆ, ನಮ್ ಬೋಟಿನ್ ಇಂಜಿನ್ ಕೆಟ್ಟಾಂಗ್ ಇತ್ತ್’ ಎಂದರು. ಸ್ವಲ್ಪ ಹೊತ್ತು ಕೇಳಿ, ‘ಇರ್ಲಿ, ಮೀನಿಗೆ ಕಾಗಿ ಬತ್ತಿಲ್ಲೆ, ಹಾಕಿ’ ಎಂದು ಮೀನಿನ ಹತ್ತಿರ ಹೋದರು. ಮೈಕಣ್ಣ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ತ್ರಾಸಿ, ಬೈಂದೂರು ಕಡೆಯ ಪಂದ್ಯಾಟಗಳು ಕೆಲವು ವರ್ಷ ಅವರನ್ನು ನಡೆಸಿದವು. ಆದರೆ ಶುಭಕಾರ್ಯದ ಬೆಳಗುಗಳು ತಿರುಗಿ ಬರಲಿಲ್ಲ. ಅದನ್ನು ಸಿಹಿ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಒಳ್ಳೆಯ ಕಸುಬುದಾರನೊಬ್ಬ ಒಂದು ಮಾತು ಹೇಳಲಿಲ್ಲವೆಂದು ಅರ್ಧ ಹೊಟ್ಟೆಯಲ್ಲಿ ಬದುಕಿದ. ನಾನು ಮದುವೆಯಾಗಿ, ಬ್ರಹ್ಮಾವರದ ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಹಬ್ಬಕ್ಕೆ ಹೋದಾಗ ಬೇಲಿಯ ಹತ್ತಿರ ನಿಂತು ಹೊಸದೇನು ಬಂದಿದೆ ಎಂದು ಮಾತಾಡುತ್ತಿದ್ದೆವು. ಆಮೇಲೆ ಕ್ಯಾಸೆಟ್ಟಿನ ಕಾಲವೂ ಹೋಯಿತು, ಮದುವೆಗಳಿಗೆ ಡಿಜೆ ಬಂತು. ಈಗ ಅದೇ ದೊಡ್ಡ ಮನೆಗಳ ಮಕ್ಕಳು ಎದೆ ನಡುಗುವಷ್ಟು ಸೌಂಡ್ ಹಾಕಿಕೊಂಡು ಕುಣಿಯುತ್ತಾರೆ. ಯಾರೂ ಯಾರ ಹತ್ತಿರವೂ ಕಾಣಿಕೆ ಇಡಿಸುವುದಿಲ್ಲ. ಎರಡು ಸಾವಿರದ ಹನ್ನೊಂದರಲ್ಲಿ ಮೈಕಣ್ಣನಿಗೆ ಕಾಮಾಲೆ ಆಯಿತು. ನಾಟಿ ಮದ್ದು ಎಂದು ತಡ ಮಾಡಿದರು... ನನಗೆ ಸುದ್ದಿ ತಲುಪುವಾಗ ಎಲ್ಲ ಮುಗಿದಿತ್ತು.

ಹೆಡ್‌ಫೋನು ಸರಿಯಾಯಿತು. ಆ ಭಾನುವಾರವೇ ಬಸ್ಸು ಹತ್ತಿ ಕೋಟೇಶ್ವರಕ್ಕೆ ಹೋದೆ. ಅತ್ತಿಗೆ ಜಗಲಿಯಲ್ಲಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಕಾರ್ಖಾನೆ ಬಿಟ್ಟು ಕೆಲವು ವರ್ಷವಾದರೂ ಬೆರಳಿನ ಕಪ್ಪು ಪೂರ್ತಿ ಹೋಗಿರಲಿಲ್ಲ. ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ. ಈ ಹೆಂಗಸಿಗೆ ಆ ಹಾಡಿನ ಮೇಲೆ, ಅದನ್ನು ಕೇಳಿ ಮೈಕಣ್ಣನಿಗೆ ತಾಳ ಹಾಕಿದ ನನ್ನ ಮೇಲೆ, ಎಷ್ಟು ಸಿಟ್ಟಿದ್ದರೂ ನ್ಯಾಯವೇ ಎಂದುಕೊಳ್ಳುತ್ತಿದ್ದೆ.

ಅತ್ತಿಗೆಯೇ ಮಾತು ತೆಗೆದರು. ‘ಅವತ್ತ್ ಅಂಗಿ ಎಳ್ದ್ ಬಾಯ್ ಮಾತಲ್ದಾ ಅಂದೆ, ನೆನ್ಪಿತ್ತಾ? ಬರೀ ಬಾಯ್ ಮಾತೇ ಆಗಿದ್ರೆ ಅವ್ರ್ ಹೇಳ್ತಿದ್ರ್. ಅಷ್ಟ್ ವರ್ಷ ಒಟ್ಟಿಗ್ ಇದ್ದ್ ನಂಗೆ ಅದ್ ಗೊತ್ತಾಪ್ಕೆ ತಡ ಆಯ್ತ್.’

ನಾನು ಇನ್ನೊಂದು ಹಿಡಿ ಸೊಪ್ಪು ತೆಗೆದುಕೊಂಡೆ.

‘ನಂಗೆ ಆ ಗಲಾಟಿ ಇವತ್ತಿಗೂ ಆತಿಲ್ಲೆ ಹೆಣೆ, ತಲಿ ನೋವ್ ಬತ್ತ್. ಆರೆ ಬೇರೆ ಯಾರಾರೂ ಬಂದ್ ಅದನ್ ಗಲಾಟಿ ಅಂದ್ರೆ ನಾನ್ ಸುಮ್ನೆ ಬಿಡುದಿಲ್ಲೆ. ನನ್ ಗಂಡ ಹೊಟ್ಟಿ ಕಟ್ಟಿ ಉಳ್ಸ್ಕಂಡದ್ದ್ ಅದ್.’

‘ಇದನ್ನ ಅಣ್ಣನ್ ಹತ್ರ ಒಂದ್ ಸರ್ತಿ ಹೇಳಿದ್ರ್ಯಾ ಅತ್ಗಿ?’

‘ಇಲ್ಲೆ. ಹೇಳಿರೆ ಸೌಂಡ್ ಇನ್ನೂ ಏರಿಸ್ತಿದ್ರ್.’

ಇಬ್ಬರೂ ನಕ್ಕೆವು. ರಸ್ತೆಗೆ ಕೇಳುವಷ್ಟು ಜೋರಾಗಿಯೇ ನಕ್ಕೆವು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು. ಉಳಿದ ದಂಟುಗಳನ್ನು ಒಂದೊಂದಾಗಿ ಕೂಡಿಸಿಟ್ಟರು.

‘ಅವ್ರಿಗೆ ಒಂದ್ ಸರ್ತಿ ಹೇಳ್ಕಿತ್ತ್,’ ಎಂದರು.